ಎ.ಸಿ. ಆನ್ ಆಗಲಿಲ್ಲ, ಗ್ಯಾಸ್ ಖಾಲಿಯಾಗಿರಲಿಲ್ಲ

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ನೆರಳಲ್ಲೇ 40 ಡಿಗ್ರಿ. ಗ್ಯಾರೇಜಿಗೆ ಬಂದದ್ದು ಆಟೊ ಎ.ಸಿ. (ತಂಪನ್ನು ತಾನೇ ಹೊಂದಿಸಿಕೊಳ್ಳುವ ಎ.ಸಿ.) ಇರುವ ಸೆಡಾನ್ ಕಾರು. ‘ಎರಡು ಸಲ ಗ್ಯಾಸ್ ಹಾಕಿಸೀನ್ರಿ, ಆದ್ರೂ ತಂಪ್ ಗಾಳಿ ಬರವಲ್ದು’ ಎಂದರು ಮಾಲೀಕರು. ಕೀ ತಿರುಗಿಸಿದಾಗ ಮೀಟರಿನ ಮೂಲೆಯಲ್ಲಿ ಹೊರಗಿನ ಉಷ್ಣಾಂಶ ಮೈನಸ್ 40 ಎಂದು ಕಂಡಿತು. ಅವರೂ ಅದನ್ನು ನೋಡಿದ್ದರು. ಡಿಸ್‌ಪ್ಲೇ ಕೆಟ್ಟಿರಬೇಕು, ಆಮೇಲೆ ನೋಡಿಸಿದರಾಯಿತು ಎಂದು ಬಿಟ್ಟಿದ್ದರು. ಆದರೆ ಎ.ಸಿ. ಓಡದಿರಲು ಕಾರಣ ಆ ಅಂಕಿಯೇ.

ಹೊರಗೆ ಸುಮಾರು 3ರಿಂದ 5 ಡಿಗ್ರಿಗಿಂತ ಕಡಿಮೆ ಇದ್ದರೆ ಬಹಳಷ್ಟು ಕಾರುಗಳು ಎ.ಸಿ. ಗ್ಯಾಸನ್ನು ಒತ್ತುವ ಕಂಪ್ರೆಸರ್ ಚಾಲೂ ಮಾಡುವುದಿಲ್ಲ. ಅಂಥ ಚಳಿಯಲ್ಲಿ ಗಾಳಿಯನ್ನು ತಂಪಾಗಿಸುವ ಇವಾಪರೇಟರ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಕಂಪ್ರೆಸರಿಗೂ ಪೆಟ್ಟು. ಹಾಗಾಗಿ ಎ.ಸಿ.ಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ತಡೆಯುತ್ತದೆ. ಬಟನ್ನಿನ ದೀಪ ಉರಿಯುತ್ತದೆ, ಬ್ಲೋವರ್ ಓಡುತ್ತದೆ, ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ ಮಾತ್ರ ‘ಟಕ್’ ಎನ್ನುವುದಿಲ್ಲ. ಹೊರಗಿನ ಉಷ್ಣಾಂಶ ಅಳೆಯುವ ಸೆನ್ಸರ್ ಕೈಕೊಟ್ಟಾಗ ಅಂದಾಜು ಅಂಕಿಯೊಂದನ್ನು ಹಿಡಿದು ಎ.ಸಿ. ನಡೆಸುವ ಕಾರುಗಳೂ ಇವೆ. ಇದು ಆ ಜಾತಿಯದಲ್ಲ.

ಗ್ಯಾಸ್ ಇದೆಯೋ ಇಲ್ಲವೋ ಎಂದು ಮೊದಲು ನೋಡಿಬಿಡುವುದು ಒಳ್ಳೆಯದು. ಎಂಜಿನ್ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಒತ್ತಡದ ಗೇಜ್ ಹಾಕಿದರೆ ಎ.ಸಿ. ಪೈಪಿನ ಹೈ, ಲೋ ಎರಡೂ ಕಡೆ ಒಂದೇ ಒತ್ತಡ ತೋರಿಸಬೇಕು. ಆರ್-134ಎ ಗ್ಯಾಸಿಗೆ 40 ಡಿಗ್ರಿಯಲ್ಲಿ ಅದು ಸುಮಾರು 130 ಪಿಎಸ್ಐ. ಈ ಕಾರಿನಲ್ಲಿ ಅಷ್ಟೇ ಇತ್ತು. ಎಷ್ಟು ಗ್ರಾಂ ಇದೆ ಎಂಬುದನ್ನು ಈ ಅಳತೆ ಹೇಳುವುದಿಲ್ಲ, ಆದರೆ ಸಿಸ್ಟಮ್ ಖಾಲಿಯಿಲ್ಲ ಎಂಬುದನ್ನು ಖಚಿತವಾಗಿ ಹೇಳುತ್ತದೆ. ಇಷ್ಟು ನೋಡದೆ ಗ್ಯಾಸ್ ಹಾಕುತ್ತ ಹೋದರೆ ಪ್ರಮಾಣ ಮಿತಿಮೀರುತ್ತದೆ. ದೋಷ ಹಾಗೇ ಉಳಿದು ಅದರ ಮೇಲೆ ಇನ್ನೊಂದು ಸೇರುತ್ತದೆ. ಗಿರಾಕಿಯ ದುಡ್ಡು ಹೀಗೆ ಹಾಳಾಗುವುದು ನಿಜಕ್ಕೂ ಬೇಸರದ ಸಂಗತಿ.

ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0073 ಬಂತು: ಹೊರಗಿನ ಉಷ್ಣಾಂಶದ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು. ಪಿ0072 ಬಂದರೆ ವೋಲ್ಟೇಜ್ ಕಡಿಮೆ, ಅಂದರೆ ಎಲ್ಲೋ ಶಾರ್ಟ್. ಈ ಸೆನ್ಸರ್ ಎರಡು ವೈರಿನ ಥರ್ಮಿಸ್ಟರ್, ಬಿಸಿಯಾದಷ್ಟೂ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ. ಮಾಡ್ಯೂಲ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಮೇಲೆ ಎಷ್ಟು ಉಳಿಯಿತು ಎಂದು ಓದುತ್ತದೆ. ಸರ್ಕ್ಯೂಟ್ ಕಡಿದರೆ ಪೂರ್ತಿ 5 ವೋಲ್ಟ್ ಉಳಿಯುತ್ತದೆ. ಮಾಡ್ಯೂಲಿಗೆ ಅದು ಎಣೆಯಿಲ್ಲದ ಚಳಿ, ಅಳತೆಪಟ್ಟಿಯ ಕೊನೆಯ ಅಂಕಿ ಮೈನಸ್ 40 ತೋರಿಸುತ್ತದೆ. ಸೆಲ್ಸಿಯಸ್ಸಿನಲ್ಲೂ ಫ್ಯಾರನ್‌ಹೀಟಿನಲ್ಲೂ ಮೈನಸ್ 40 ಒಂದೇ, ಆದ್ದರಿಂದ ಸೆಟ್ಟಿಂಗ್ ಯಾವುದಿದ್ದರೂ ಈ ಅಂಕಿ ಕಂಡರೆ ಸರ್ಕ್ಯೂಟ್ ಕಡಿದಿದೆ ಎಂದೇ ಹಿಡಿಯಬಹುದು.

ಈ ಕಾರಿನಲ್ಲಿ ಸೆನ್ಸರ್ ಮುಂದಿನ ಗ್ರಿಲ್ ಹಿಂದೆ, ಎ.ಸಿ.ಯ ಕಾವು ಹೊರಹಾಕುವ ಕಂಡೆನ್ಸರಿನ ಮುಂದೆ ಕ್ಲಿಪ್ಪಿನಲ್ಲಿತ್ತು. ಹೊರತೆಗೆದು ಮಲ್ಟಿಮೀಟರಿಗೆ ಹಚ್ಚಿದಾಗ 5.2 ಕಿಲೋಓಮ್. 25 ಡಿಗ್ರಿಗೆ 10 ಕಿಲೋಓಮ್ ಇರುವ ಸಾಮಾನ್ಯ ಥರ್ಮಿಸ್ಟರ್ 40 ಡಿಗ್ರಿಗೆ ಸುಮಾರು 5.3 ತೋರಿಸಬೇಕು, ಹಾಗಾಗಿ ಇದು ಸರಿಯಾಗಿದೆ. ಐಸ್ ನೀರಿನಲ್ಲಿ ಅದ್ದಿದಾಗ ನಿಧಾನವಾಗಿ 33 ಕಿಲೋಓಮ್ ಹತ್ತಿರ ಏರಿತು, ಮುಷ್ಟಿಯಲ್ಲಿ ಹಿಡಿದಾಗ ಇಳಿಯಿತು, ನಡುವೆ ಎಲ್ಲೂ ನೆಗೆಯಲಿಲ್ಲ. ಐಸ್ ನೀರಿನ ಪರೀಕ್ಷೆ ಬಿಡಬಾರದು. ಬಿಸಿಲಲ್ಲಿ ಸರಿ ತೋರಿಸಿ ತಣ್ಣಗಾದಾಗ ಕಡಿದುಹೋಗುವ ಸೆನ್ಸರುಗಳೂ ಇರುತ್ತವೆ.

ಇನ್ನು ಪ್ಲಗ್. ಕೀ ಆನ್ ಮಾಡಿ ಎರಡು ಪಿನ್ನುಗಳ ನಡುವೆ ಅಳೆದರೆ 5 ವೋಲ್ಟ್ ಬರಬೇಕು. ಏನೂ ಬರಲಿಲ್ಲ. ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಒಂದೊಂದೇ ಪಿನ್ ಅಳೆದಾಗ ಒಂದರಲ್ಲಿ 5 ಬಂತು. ಅಂದಮೇಲೆ ಸಪ್ಲೈ ವೈರ್ ಸರಿ, ವಾಪಸು ಹೋಗುವ ಅರ್ಥ್ ವೈರ್ ಕಡಿದಿದೆ. ಈ ಅರ್ಥ್ ಬಾಡಿಗಲ್ಲ, ಮಾಡ್ಯೂಲಿಗೇ ಹಿಂತಿರುಗುತ್ತದೆ. ಹತ್ತಿರದ ಬೋಲ್ಟಿಗೆ ಕಟ್ಟಿದರೆ ಕೆಲಸ ಆದಂತೆ ಕಾಣುತ್ತದೆ, ಫ್ಯಾನ್ ಓಡಿದಾಗ ಅಂಕಿ ಕುಣಿಯುತ್ತದೆ.

ಬಂಪರ್ ವೈರಿಂಗಿಗೆ ಒಂದು ನಡುವಿನ ಕನೆಕ್ಟರ್ ಇರುತ್ತದೆ. ಫಾಗ್ ಲ್ಯಾಂಪ್, ಪಾರ್ಕಿಂಗ್ ಸೆನ್ಸರ್ ಎಲ್ಲ ಅದರಲ್ಲೇ. ವೈರ್ ಕಡಿಯದಿದ್ದರೆ ಮಲ್ಟಿಮೀಟರ್ ಬೀಪ್ ಎನ್ನಬೇಕು, ಆದರೆ ಅಲ್ಲಿಂದ ಸೆನ್ಸರ್ ಪ್ಲಗ್ಗಿನವರೆಗೆ ಅರ್ಥ್ ವೈರಿನಲ್ಲಿ ಬೀಪ್ ಬರಲಿಲ್ಲ. ಕಡಿತ ಆ ಎರಡಡಿಯೊಳಗೇ ಇದೆ ಎಂದಾಯಿತು. ಹಿಂದೊಮ್ಮೆ ಬಂಪರ್ ಬಿಚ್ಚಿ ಪೇಂಟ್ ಮಾಡಿಸಿದ್ದರಂತೆ. ಬ್ರಾಕೆಟ್ಟಿನ ಸ್ಕ್ರೂ ಸಡಿಲಿಸಿದಾಗ ಅದರಡಿ ಅಪ್ಪಚ್ಚಿಯಾದ ವೈರ್ ಕಂಡಿತು. ಪ್ಲಾಸ್ಟಿಕ್ ಸುಲಿದಿರಲಿಲ್ಲ, ಬರೀ ಚಪ್ಪಟೆಯಾಗಿತ್ತು. ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗಿತು, ಏಕೆಂದರೆ ಒಳಗಿನ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಕಣ್ಣಿಗೆ ಕಾಣದ ಕಡಿತ ಹುಡುಕಲು ಹೀಗೆ ಎಳೆದು ನೋಡುವುದೇ ಒಳ್ಳೆಯ ಉಪಾಯ.

ಹಸಿರು ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ತುಂಡು ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಕೂರಿಸಬೇಕು. ಬರೀ ತಿರುಚಿ ಟೇಪ್ ಸುತ್ತಿದ್ದು ಬಂಪರಿನಲ್ಲಿ ಒಂದು ಮಳೆಗಾಲವೂ ಬಾಳದು. ವೈರಿಗೆ ಸ್ವಲ್ಪ ಸಡಿಲ ಬಿಟ್ಟು, ಸ್ಕ್ರೂವಿನಿಂದ ದೂರಕ್ಕೆ ಕಟ್ಟಬೇಕು.

ಜೋಡಿಸಿ ಕೋಡ್ ಅಳಿಸಿದ ಮೇಲೆ ಅಂಕಿ 47ಕ್ಕೆ ನಿಂತಿತು. ‘ಇದೂ ತಪ್ಪೇ ತೋರಸ್ತದಲ್ರಿ’ ಎಂದರು ಮಾಲೀಕರು. ತಪ್ಪಲ್ಲ, ನಿಂತ ಕಾರಿನ ರೇಡಿಯೇಟರ್ ಕಾವು ಸೆನ್ಸರಿಗೆ ಬಡಿಯುತ್ತದೆ. ಅದಕ್ಕಾಗಿಯೇ ಬಹಳಷ್ಟು ಕಾರುಗಳು ಅಂಕಿಯನ್ನು ಬೇಗ ಇಳಿಸುತ್ತವೆ, ಏರಿಸಲು ಮಾತ್ರ ಕಾರು ಸ್ವಲ್ಪ ವೇಗದಲ್ಲಿ ಓಡಲಿ ಎಂದು ಕಾಯುತ್ತವೆ. ರಿಂಗ್ ರೋಡಿನಲ್ಲಿ 50ರ ವೇಗದಲ್ಲಿ ಹೋದಾಗ 41ಕ್ಕೆ ಬಂದು ನಿಂತಿತು. ಕ್ಲಚ್ ಮೊದಲೇ ಹಿಡಿದಿತ್ತು, ತಂಪು ಗಾಳಿ ಬರುತ್ತಿತ್ತು.

ಪೂರ್ತಿ ಕಡಿದ ಸರ್ಕ್ಯೂಟ್ ಹುಡುಕುವುದು ಸುಲಭ. ಅರ್ಧಂಬರ್ಧ ದೋಷವೇ ಕಾಡುವುದು. ಪ್ಲಗ್ಗಿನ ಪಿನ್ ತುಕ್ಕು ಹಿಡಿದು 5 ಕಿಲೋಓಮ್ ಹೆಚ್ಚಿಗೆ ಸೇರಿತೆನ್ನಿ; 40 ಡಿಗ್ರಿ ಬಿಸಿಲಲ್ಲಿ ಒಟ್ಟು 10ರ ಆಸುಪಾಸು ಆಗಿ ಕಾರು 25 ಡಿಗ್ರಿ ಎಂದು ತಿಳಿಯುತ್ತದೆ. ಕೋಡ್ ಬರುವುದಿಲ್ಲ, ಮೈನಸ್ 40 ಇಲ್ಲ, ಆಟೊ ಮೋಡಿನಲ್ಲಿ ತಂಪು ಸಾಲುವುದಿಲ್ಲ ಅಷ್ಟೇ. ಪ್ಲಗ್ಗಿಗೆ ಕೆಸರು ನೀರು ಹೊಕ್ಕರೆ ಉಲ್ಟಾ: ಎರಡು ಪಿನ್ನಿನ ನಡುವೆ ಸೋರಿಕೆಯಾಗಿ ಅಂಕಿ ಏರುತ್ತದೆ. ಇಂಥಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯ 10 ಕಿಲೋಓಮ್ ರೆಸಿಸ್ಟರನ್ನು ಸೆನ್ಸರಿನ ಬದಲು ಪ್ಲಗ್ಗಿಗೆ ಸಿಕ್ಕಿಸಿ, ಸ್ಕ್ಯಾನರಿನ ಲೈವ್ ಡೇಟಾ ನೋಡಬೇಕು. 25ರ ಹತ್ತಿರ ಬಂದರೆ ವೈರಿಂಗ್, ಮಾಡ್ಯೂಲ್ ಎರಡೂ ಸರಿ. ಹೊಸ ಸೆನ್ಸರ್ ತರಿಸಬಹುದು. ಆದರೆ ಎಲ್ಲ ಕಾರಿಗೂ 10 ಕಿಲೋಓಮ್ ಅಲ್ಲ, 2–3 ಕಿಲೋಓಮ್ ಇರುವವೂ ಇವೆ. ಪಾರ್ಟ್ ನಂಬರ್ ಹೊಂದಿಸದೆ ಪ್ಲಗ್ ಕೂತಿತೆಂದು ಹಾಕಿದರೆ ಅಂಕಿ ಎಂದೂ ಸರಿಬರದು.

ಗ್ರಿಲ್ ಹಿಂದೆ ಹುಡುಕಿ ಸಿಗದಿದ್ದರೆ ಸೈಡ್ ಮಿರರ್ ನೋಡಿ. ಅದರ ಕೆಳಗೆ ಸಣ್ಣ ತುದಿಯೊಂದು ಹೊರಗೆ ಇಣುಕುತ್ತಿದ್ದರೆ ಸೆನ್ಸರ್ ಅಲ್ಲೇ, ಮತ್ತು ಅಲ್ಲಿ ವೈರ್ ಕಡಿಯುವುದು ಸಾಮಾನ್ಯವಾಗಿ ಮಿರರ್ ಮಡಚುವ ಕೀಲಿನಲ್ಲಿ.