ಬಲೀಂದ್ರನಿಗೊಂದು ಮಣೆ

ದೀಪಾವಳಿಯಲ್ಲಿ ಇಬ್ಬರು ಅಸುರರ ಲೆಕ್ಕ ಬರುತ್ತದೆ. ಚತುರ್ದಶಿಗೆ ನರಕಾಸುರ, ಪಾಡ್ಯಕ್ಕೆ ಬಲಿ ಚಕ್ರವರ್ತಿ. ಒಬ್ಬ ಸತ್ತ ಅಂತ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ಮೀಯುತ್ತೇವೆ. ಇನ್ನೊಬ್ಬ ಬರಲಿ ಅಂತ ಸಂಜೆ ದೀಪ ಹಚ್ಚಿ ಕೂಗಿ ಕರೆಯುತ್ತೇವೆ. ನಡುವೆ ಒಂದು ಅಮಾವಾಸ್ಯೆ, ಅಷ್ಟೇ. ಒಂದೇ ಹಬ್ಬದಲ್ಲಿ ಒಬ್ಬ ಅಸುರನಿಗೆ ಚಕ್ರ, ಇನ್ನೊಬ್ಬನಿಗೆ ಮಣೆ. ಯಾಕೆ ಹೀಗೆ ಅಂತ ಹಬ್ಬದ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ.

ನರಕನೂ ಎಲ್ಲಿಂದಲೋ ಬಂದ ಪರಕೀಯನೇನಲ್ಲ. ಭೂದೇವಿಯ ಮಗ, ತಂದೆ ವರಾಹಸ್ವಾಮಿ. ದೇವರ ಮನೆಯ ಹುಡುಗನೇ ಹಾಳಾದ. ಕೃಷ್ಣ ಅವನನ್ನು ಕೊಂದ ಮೇಲೆ ತಾಯಿಯೇ ಬಂದು, ಮಗ ಕಿತ್ತುಕೊಂಡು ಬಂದಿದ್ದ ಅದಿತಿಯ ಕುಂಡಲಗಳನ್ನು ಒಪ್ಪಿಸಿ, ಮೊಮ್ಮಗ ಭಗದತ್ತನನ್ನಾದರೂ ಕಾಪಾಡು ಅಂತ ಬೇಡಿಕೊಂಡಳು. ಆ ತಾಯಿಯ ಸಂಕಟ ಇನ್ನೊಂದು ದಿನಕ್ಕೆ ಇರಲಿ. ನನ್ನನ್ನು ಹೆಚ್ಚು ಕಾಡುವವನು ಬಲಿ.

ನಮ್ಮದು ಬಂಟ್ವಾಳದ ಕಡೆ. ಅಲ್ಲಿ ದೀಪಾವಳಿ ಅಂದರೆ ಪರ್ಬ. ಹಾಲೆ ಮರದ ಕಂಬ ಕಡಿದು ತಂದು ತುಳಸಿಕಟ್ಟೆಯ ಹತ್ತಿರ ನೆಡುತ್ತಿದ್ದರು. ಅಡ್ಡಕ್ಕೆ ಕೋಲು ಕಟ್ಟಿ, ಗೊಂಡೆ ಹೂವಿನ ಮಾಲೆ ಸುತ್ತಿ, ತುದಿಯಲ್ಲಿ ಹಣತೆ ಇಟ್ಟರೆ ಬಲೀಂದ್ರ ತಯಾರು. ಮುಖವಿಲ್ಲ, ಕಿರೀಟವಿಲ್ಲ. ಗೆರಸೆಯಲ್ಲಿ ಅವಲಕ್ಕಿ, ತೆಂಗಿನಕಾಯಿ ಚೂರು. ಕಡ್ಡಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿ ಉರಿಸಿ, ಅದನ್ನು ಹಟ್ಟಿಗೆ, ಗೊಬ್ಬರದ ಗುಂಡಿಗೆ, ಗದ್ದೆಯ ಬದುವಿಗೆ ಒಂದೊಂದು ನೆಟ್ಟು ಬರಬೇಕು. ಗೊಬ್ಬರದ ಗುಂಡಿಗೂ ದೀಪ. ಈ ವಿವರ ನನಗೆ ಬಹಳ ಇಷ್ಟ.

ಗದ್ದೆಯ ಬದುವಿನಲ್ಲಿ ನಿಂತು ದೊಡ್ಡಪ್ಪ ಕರೆಯುತ್ತಿದ್ದರು. “ಓ ಬಲೀಂದ್ರಾ...” ನಾವು ಮಕ್ಕಳು ಹಿಂದಿನಿಂದ “ಕೂ...” ಅನ್ನಬೇಕು. ದೊಡ್ಡಪ್ಪನ ಬಗ್ಗೆ ಊರಲ್ಲಿ ಎರಡು ಮಾತಿತ್ತು. ರಾತ್ರಿ ಎಷ್ಟೊತ್ತಿಗೆ ಬಾಗಿಲು ಬಡಿದರೂ ಎದ್ದು ಜೀಪು ತೆಗೆದು ಬಾಣಂತಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಮನುಷ್ಯ. ಅದೇ ಮನುಷ್ಯ ತೋಡಿನ ನೀರಿನ ಜಗಳದಲ್ಲಿ ಪಕ್ಕದ ಮನೆಯವರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಮಾತು ಬಿಟ್ಟಿದ್ದು ಮಾತ್ರ ಅಲ್ಲ, ಅವರ ಅಡಿಕೆಗೆ ಕೊಳೆರೋಗ ಬಂತು ಅಂತ ಕೇಳಿ ಖುಷಿಪಟ್ಟದ್ದನ್ನೂ ನಾವು ನೋಡಿದ್ದೇವೆ. ಪರ್ಬದ ರಾತ್ರಿ ದೊಡ್ಡಪ್ಪ ಕೂಗಿದ ಸ್ವಲ್ಪ ಹೊತ್ತಿಗೆ ತೋಡಿನ ಆಚೆಯಿಂದ ಅವರ ಕೂಗೂ ಕೇಳುತ್ತಿತ್ತು. ಎರಡೂ ಮನೆಗೆ ಬೇಕಾದವನು ಒಬ್ಬನೇ ಬಲೀಂದ್ರ. ಹಾಗಂತ ಜಗಳ ಕರಗಿತು ಅಂತ ತಿಳಿಯಬೇಡಿ. ಮಾರನೇ ದಿನ ಮತ್ತೆ ಮುಖ ತಿರುಗಿಸಿಕೊಂಡೇ ಓಡಾಟ.

ಕೂಗಿ ಕರೆಯುವಾಗ ಹೇಳುವ ಸಾಲುಗಳು ಊರಿಂದ ಊರಿಗೆ ಬೇರೆ. “ಉಪ್ಪು ಕರ್ಪೂರ ಆನಗ, ಉರ್ದು ಮದ್ದೊಲಿ ಆನಗ” ಅಂತೆಲ್ಲ ತುಳುವಿನಲ್ಲಿ ಬರುತ್ತದೆ. ಕಲ್ಲು ಕಾಯಿ ಬಿಟ್ಟಾಗ, ಬಿಳಿಗಲ್ಲು ಹೂವಾದಾಗ, ಉಪ್ಪು ಕರ್ಪೂರವಾದಾಗ, ಉದ್ದಿನಕಾಳು ಮದ್ದಳೆಯಾದಾಗ ಬಾ ಬಲೀಂದ್ರ, ಬಂದು ನಿನ್ನ ಸೀಮೆಯನ್ನು ನೀನೇ ಆಳು. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಾ, ನಮ್ಮ ಪೂಜೆ ತಗೊಂಡು ಹೋಗು.

ಎಂಥ ಕರೆಯೋಲೆ ನೋಡಿ! ಪ್ರೀತಿಯಿಂದ ಕರೆಯುತ್ತಾರೆ, ಅವಲಕ್ಕಿ ಕೊಡುತ್ತಾರೆ, ಭೂಮಿ ನಿನ್ನದೇ ಅಂತ ಒಪ್ಪಿಕೊಳ್ಳುತ್ತಾರೆ. ಆದರೆ ಪಟ್ಟ ಮಾತ್ರ ಕಲ್ಲು ಕಾಯಿ ಬಿಟ್ಟ ಮೇಲೆ. ಕೋಪ, ಹೊಟ್ಟೆಕಿಚ್ಚು, ನಾನೆಂಬ ಹಮ್ಮು ಇವನ್ನೆಲ್ಲ ಹೇಗೆ ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಒಪ್ಪಂದ ನಾನು ಬೇರೆಲ್ಲೂ ನೋಡಿಲ್ಲ. ಒಳಗಿನ ಅಸುರನನ್ನು ಕೊಂದುಬಿಟ್ಟೆ ಅನ್ನುವವರನ್ನು ನಾನು ನಂಬುವುದಿಲ್ಲ. ಕೊಂದೆ ಅಂತ ಹೇಳುವ ದನಿಯಲ್ಲೇ ಅವನು ಕೂತಿರುತ್ತಾನೆ. “ನನ್ನ ಸ್ವಭಾವವೇ ಹೀಗೆ, ಬೇಕಾದರೆ ಹೊಂದಿಕೊಳ್ಳಿ” ಅನ್ನುವವರ ಹತ್ತಿರವೂ ಸ್ವಲ್ಪ ದೂರವೇ ಇರುತ್ತೇನೆ. ಅವರು ಮಣೆ ಹಾಕುವ ಬದಲು ಸಿಂಹಾಸನವನ್ನೇ ಬಿಟ್ಟುಕೊಟ್ಟವರು. ಗದ್ದೆಯ ಬದುವಿನ ಮಾತು ಇವೆರಡರ ನಡುವೆ ನಿಲ್ಲುತ್ತದೆ. ನೀನು ಇದ್ದೀಯ, ನಮ್ಮವನೇ, ಉಂಡು ಹೋಗು. ಆಳಬೇಡ.

ಬಲಿಯಲ್ಲಿ ಕತ್ತಲೆ ಎಲ್ಲಿತ್ತು, ಪಾಪ, ಅಷ್ಟು ದೊಡ್ಡ ದಾನಿ ಅಂತ ಕೇಳುವವರಿದ್ದಾರೆ. ವಾಮನನೇ ಮೋಸಗಾರ ಅಂತ ವಾದಿಸುವವರೂ ಇದ್ದಾರೆ. ಕತೆ ಆ ಮೋಸವನ್ನು ಮುಚ್ಚಿಟ್ಟಿಲ್ಲ ಅನ್ನೋದು ನಿಜ. ಗಿಡ್ಡನಾಗಿ ಕೇಳಿ ದೈತ್ಯನಾಗಿ ಅಳೆದದ್ದು ಎಲ್ಲರಿಗೂ ಕಾಣುವ ಹಾಗೇ ಇದೆ. ಆದರೆ ಭಾಗವತದ ಎಂಟನೇ ಸ್ಕಂಧವನ್ನು ನಿಧಾನವಾಗಿ ಓದಿದರೆ ಬಲಿಯ ಒಳಗಿನ ಹೆಣಿಗೆಯೂ ಕಾಣುತ್ತದೆ. ನರ್ಮದೆಯ ದಡದಲ್ಲಿ ಅಶ್ವಮೇಧ ನಡೆಯುತ್ತಿದೆ. ಪುಟ್ಟ ಬ್ರಹ್ಮಚಾರಿ ಬಂದು ಮೂರು ಹೆಜ್ಜೆ ನೆಲ ಕೇಳುತ್ತಾನೆ. ಬಲಿಗೆ ಅದು ಸಾಲದು. ಮೂರು ಲೋಕದ ಒಡೆಯನ ಹತ್ತಿರ ಬಂದು ಮೂರು ಹೆಜ್ಜೆಯಾ? ಒಂದು ದ್ವೀಪವನ್ನೇ ಕೊಡಬಲ್ಲೆ, ನನ್ನ ಹತ್ತಿರ ಬಂದವನು ಇನ್ನೊಬ್ಬರ ಹತ್ತಿರ ಕೈಚಾಚಬಾರದು ಅನ್ನುತ್ತಾನೆ. ಕೊಡುವ ಕೈಯೂ ಅದೇ, ಎದೆ ತಟ್ಟಿಕೊಳ್ಳುವ ಕೈಯೂ ಅದೇ.

ಇನ್ನೂ ಸೂಕ್ಷ್ಮವಾದದ್ದು ಕೊನೆಗೆ ಬರುತ್ತದೆ. ಎರಡು ಹೆಜ್ಜೆಗೆ ಎಲ್ಲವೂ ಮುಗಿದಿದೆ. ಗರುಡ ವರುಣಪಾಶದಲ್ಲಿ ಕಟ್ಟಿ ಹಾಕಿದ್ದಾನೆ. ಗುರು ಶುಕ್ರಾಚಾರ್ಯರು ಶಪಿಸಿ ಆಗಿದೆ. ಆಗ ಬಲಿ ಮೂರನೇ ಹೆಜ್ಜೆಗೆ ನನ್ನ ತಲೆ ಇದೆ, ಇಡು ಅನ್ನುತ್ತಾನೆ. ಇಲ್ಲಿಗೆ ನಿಲ್ಲಿಸಿದ್ದರೆ ಚಿತ್ರಪಟಕ್ಕೆ ಸರಿಯಾಗುತ್ತಿತ್ತು. ಅವನು ಮುಂದುವರಿಸುತ್ತಾನೆ. ನರಕಕ್ಕೆ ಹೆದರುವುದಿಲ್ಲ, ಪದವಿ ಹೋದದ್ದಕ್ಕೆ, ಕಟ್ಟಿಹಾಕಿದ್ದಕ್ಕೆ, ಕಷ್ಟಕ್ಕೆ ಹೆದರುವುದಿಲ್ಲ, ಕೆಟ್ಟ ಹೆಸರಿಗೆ ಮಾತ್ರ ಹೆದರುತ್ತೇನೆ ಅನ್ನುತ್ತಾನೆ.

ಹೆಸರು! ತಲೆ ಬಾಗಿಸುವ ಹೊತ್ತಿಗೂ ಹೆಸರಿನ ಚಿಂತೆ ಬಿಟ್ಟಿಲ್ಲ. ಮೊದಲ ಸಲ ಇದು ಕಣ್ಣಿಗೆ ಬಿದ್ದಾಗ ನನಗೆ ನಗು ಬಂತು. ಆಮೇಲೆ ಸಮಾಧಾನವಾಯಿತು. ಯಾಕೆಂದರೆ ದೇವರು “ಮೊದಲು ಆ ಹೆಸರಿನ ಆಸೆ ತೆಗೆದಿಟ್ಟು ಬಾ, ಆಮೇಲೆ ಕಾಲಿಡುತ್ತೇನೆ” ಅನ್ನಲಿಲ್ಲ. ಇದ್ದ ಹಾಗೇ ಒಪ್ಪಿಕೊಂಡ. ನಮ್ಮ ದೇವಸ್ಥಾನಗಳ ಮೆಟ್ಟಿಲು ನೋಡಿ. ಒಂದೊಂದು ಕಲ್ಲಿನ ಮೇಲೂ ದಾನಿಗಳ ಹೆಸರು, ಊರು, ಕೆಲವು ಕಡೆ ಮೊತ್ತವೂ ಇರುತ್ತದೆ. ಭಕ್ತರು ಅದನ್ನು ತುಳಿದುಕೊಂಡೇ ಒಳಗೆ ಹೋಗುತ್ತಾರೆ. ನಾವು ನೋಡಿ ಸುಮ್ನೆ ನಗುತ್ತೇವೆ, ಪ್ರಚಾರಪ್ರಿಯರು ಅಂತ. ಆದರೆ ಹೆಸರು ಹಾಕಬೇಡಿ ಅಂದವರ ಮನಸ್ಸಿನಲ್ಲೂ, ಬೇಡ ಅಂದೆ ಅನ್ನೋದು ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಇರುತ್ತದೆ, ಅಲ್ವಾ? ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುವ ಅಜ್ಜಿಗೆ ಮಾತ್ರ ಆ ಕಲ್ಲು ಬೇಕೇ ಬೇಕು. ಹಮ್ಮಿನಿಂದ ಕೊಟ್ಟದ್ದೋ ಭಕ್ತಿಯಿಂದ ಕೊಟ್ಟದ್ದೋ ಅವಳಿಗೆ ಕಟ್ಟಿಕೊಂಡು ಏನಾಗಬೇಕು?

ಬಾದಾಮಿಗೆ ಹೋದವರು ಗುಹೆಗಳಲ್ಲಿ ತ್ರಿವಿಕ್ರಮನನ್ನು ನೋಡದೆ ಬರುವುದಿಲ್ಲ. ಎರಡನೇ ಗುಹೆಯಲ್ಲೂ ಇದ್ದಾನೆ, ಮೂರನೆಯದರಲ್ಲೂ ಇದ್ದಾನೆ. ಎರಡನೇ ಗುಹೆಯಲ್ಲಿ ಕೊಡೆ ಹಿಡಿದ ವಾಮನನೂ ಆಕಾಶಕ್ಕೆ ಕಾಲೆತ್ತಿದ ದೈತ್ಯರೂಪವೂ ಒಂದೇ ಚೌಕಟ್ಟಿನಲ್ಲಿವೆ. ನನಗೆ ಮಾತ್ರ ಮೂರನೇ ಗುಹೆಯ ಶಾಸನ ಹೆಚ್ಚು ಕಾಡುತ್ತದೆ. ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ. ಬಲಿ ಪಾಡ್ಯ ಕಳೆದು ಹದಿನಾಲ್ಕು ದಿನಕ್ಕೆ ಬರುವ ಹುಣ್ಣಿಮೆ. ಚಾಲುಕ್ಯರ ಮಂಗಲೇಶ ಈ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿಸಿ ಹೇಳುತ್ತಾನೆ, ಇದರ ಪುಣ್ಯ ನನ್ನ ಅಣ್ಣ ಕೀರ್ತಿವರ್ಮನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ನನಗಿರಲಿ. ತಮ್ಮ ಅಂದರೆ ಹೀಗಿರಬೇಕು ಅನ್ನಿಸುತ್ತದೆ.

ಮುಂದಿನದು ಐಹೊಳೆಯ ಮೇಗುತಿ ಗುಡಿಯಲ್ಲಿದೆ, 634ರ ಶಾಸನದಲ್ಲಿ. ಅಣ್ಣ ತೀರಿಕೊಂಡ ಮೇಲೆ ಮಂಗಲೇಶ ಪಟ್ಟಕ್ಕೆ ಬಂದ. ಪಟ್ಟ ಬಿಟ್ಟುಕೊಡುವ ಹೊತ್ತಿಗೆ ಅಣ್ಣನ ಮಗನ ಬದಲು ತನ್ನ ಮಗನಿಗೇ ಕೊಡಿಸಲು ಹೊರಟ. ಆ ಅಣ್ಣನ ಮಗನೇ ಇಮ್ಮಡಿ ಪುಲಿಕೇಶಿ. ಯುದ್ಧವಾಯಿತು, ಮಂಗಲೇಶ ರಾಜ್ಯವನ್ನೂ ಕಳೆದುಕೊಂಡ, ಜೀವವನ್ನೂ ಕಳೆದುಕೊಂಡ. ಹಾಗಾದರೆ 578ರ ಮಾತು ಸುಳ್ಳಾ? ನನಗೆ ಹಾಗನ್ನಿಸುವುದಿಲ್ಲ. ಆ ಹುಣ್ಣಿಮೆಯ ದಿನ ಅವನು ಮನಸ್ಸಿನಿಂದಲೇ ಹೇಳಿರಬೇಕು. ಅಣ್ಣನಿಗೆ ಪುಣ್ಯ ಬಿಟ್ಟುಕೊಟ್ಟವನೂ ಅವನೇ, ಅಣ್ಣನ ಮಗನ ಪಾಲು ಕಸಿಯಲು ಹೊರಟವನೂ ಅವನೇ. ಎರಡನ್ನೂ ಕಲ್ಲಿನಲ್ಲಿ ಓದಬಹುದು. ಪಾಪ, ಹೆಚ್ಚಿನವರ ಎರಡನೇ ಮುಖ ಕಲ್ಲಿಗೆ ಏರುವುದಿಲ್ಲ. ನಮ್ಮ ದೊಡ್ಡಪ್ಪನದೂ ಏರಲಿಲ್ಲ.

ಪೂಜೆಯಲ್ಲಿ ಪುರೋಹಿತರು ಕೈಗೆ ರಕ್ಷೆ ಕಟ್ಟುವಾಗ ಹೇಳುವ ಮಂತ್ರವನ್ನು ಎಷ್ಟೋ ಸಲ ಕೇಳಿದ್ದೀರಿ. “ಯೇನ ಬದ್ಧೋ ಬಲೀ ರಾಜಾ ದಾನವೇಂದ್ರೋ ಮಹಾಬಲಃ.” ಮಹಾಬಲಶಾಲಿಯಾದ ದಾನವರ ರಾಜ ಬಲಿಯನ್ನು ಯಾವುದರಿಂದ ಕಟ್ಟಿದರೋ ಅದರಿಂದಲೇ ನಿನ್ನನ್ನೂ ಕಟ್ಟುತ್ತೇನೆ, ರಕ್ಷೆಯೇ, ಅಲುಗಬೇಡ. ರಕ್ಷೆ ಅಂದರೆ ಹೊರಗಿನ ಕೆಟ್ಟದ್ದು ನಮ್ಮ ಹತ್ತಿರ ಸುಳಿಯದಿರಲಿ ಅಂತ ಕಟ್ಟಿಸಿಕೊಳ್ಳುತ್ತೇವೆ. ಮಂತ್ರ ನೋಡಿದರೆ ನಮ್ಮನ್ನೇ ಬಲಿಯ ಜಾಗದಲ್ಲಿ ನಿಲ್ಲಿಸಿದೆ. ಹುಟ್ಟುಹಬ್ಬಕ್ಕೆ ಹೇಳಿಸುವ ಚಿರಂಜೀವಿಗಳ ಶ್ಲೋಕದಲ್ಲೂ ಹೀಗೇ. ವ್ಯಾಸರು, ಹನುಮಂತ ಇವರ ಸಾಲಿನಲ್ಲೇ ಬಲಿ ಇದ್ದಾನೆ, ಮಲಗಿದ್ದ ಮಕ್ಕಳನ್ನು ಕೊಂದ ಅಶ್ವತ್ಥಾಮನಂತೂ ಮೊದಲನೇ ಹೆಸರು. ದೀರ್ಘಾಯುಸ್ಸು ಬೇಡುವಾಗ ಹಿರಿಯರು ಒಳ್ಳೆಯವರನ್ನಷ್ಟೇ ಆರಿಸಿ ಕೂರಿಸಿಲ್ಲ.

ಕಟ್ಟಿ ಹಾಕಿದ ಮೇಲೆ ಏನಾಯಿತು ಅನ್ನೋದೇ ಈ ಕತೆಯ ಸೊಗಸು. ವಿಷ್ಣು ಬಲಿಗೆ ಭೂಮಿಯ ಕೆಳಗಿರುವ ಸುತಲ ಲೋಕ ಕೊಟ್ಟ. ಅಲ್ಲಿಗೇ ಬಿಟ್ಟು ವೈಕುಂಠಕ್ಕೆ ಹೋಗಲಿಲ್ಲ. ಗದೆ ಹಿಡಿದು ಅವನ ಬಾಗಿಲು ಕಾಯಲು ನಿಂತ. ಒಮ್ಮೆ ದಿಗ್ವಿಜಯದ ಅಮಲಿನಲ್ಲಿ ರಾವಣ ಅಲ್ಲಿಗೂ ಬಂದನಂತೆ. ಬಾಗಿಲಲ್ಲಿದ್ದ ದೇವರು ಕಾಲಿನ ಹೆಬ್ಬೆರಳಿನಿಂದ ಎತ್ತಿ ಎಸೆದ. ಭಾಗವತದ ಐದನೇ ಸ್ಕಂಧದಲ್ಲಿ ಈ ಪ್ರಸಂಗ ಬರುತ್ತದೆ. ಅಂದರೆ ದೇವರು ಕಾಯುತ್ತಿರುವುದು ಒಬ್ಬ ಅಸುರನ ಮನೆಯನ್ನು, ಇನ್ನೊಬ್ಬ ರಾಕ್ಷಸ ನುಗ್ಗದ ಹಾಗೆ. ಒಳಗಿರುವವನು ತಪ್ಪಿಸಿಕೊಳ್ಳದ ಹಾಗೂ ಇರಬಹುದು. ನನ್ನ ಕೋಪ, ನನ್ನ ಮತ್ಸರ ಇರುವ ಕೋಣೆಯ ಹೊಸ್ತಿಲಲ್ಲಿ ದೇವರು ನಿಂತಿದ್ದಾನೆ ಅಂತ ನೆನೆಸಿಕೊಂಡರೆ, ಆ ಕಡೆ ಹೋಗಲು ಮೊದಲಿನಷ್ಟು ಭಯವಾಗುವುದಿಲ್ಲ. ಪ್ರಾರ್ಥನೆಗೆ ಕೂತಾಗ ಒಳ್ಳೆಯದನ್ನಷ್ಟೇ ಮುಂದಿಟ್ಟು ಉಳಿದದ್ದನ್ನು ಹಿತ್ತಲಿಗೆ ತಳ್ಳುವ ಚಾಳಿ ನಮಗೆಲ್ಲ ಇದೆ. ದೇವರನ್ನು ನೋಡಬೇಕಾದರೆ ಆ ಹಿತ್ತಲಿಗೇ ಹೋಗಬೇಕೇನೋ.

ಈಗ ನಾವಿರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಹಾಲೆ ಮರವೂ ಇಲ್ಲ, ಗದ್ದೆಯೂ ಇಲ್ಲ. ಬಾಲ್ಕನಿಯಲ್ಲಿ ಮಣೆ ಹಾಕಿ, ಕಲಶ ಇಟ್ಟು, ಅವಲಕ್ಕಿ ಬಡಿಸುತ್ತೇವೆ. ಕೂಗು ಸ್ವಲ್ಪ ಸಣ್ಣ ದನಿಯಲ್ಲಿ. ಎದುರು ಮನೆಯವರು ಹಳೇ ಮೈಸೂರಿನ ಕಡೆಯವರು, ಅವರು ಸಗಣಿಯಲ್ಲಿ ಬಲಿಯ ಕೋಟೆ ಕಟ್ಟುತ್ತಾರೆ. ಸಗಣಿಯನ್ನು ಆನ್‌ಲೈನಿನಲ್ಲಿ ತರಿಸಿದ್ದನ್ನೂ ನೋಡಿದೆ. ಕೆಳಗಿನ ಮನೆಯ ಕೇರಳದವರು ಓಣಂನಲ್ಲೇ ಮಾವೇಲಿಯನ್ನು ಕರೆದು ಕಳಿಸಿಯಾಗಿರುತ್ತದೆ. ಒಂದೇ ಕಟ್ಟಡಕ್ಕೆ ವರ್ಷದಲ್ಲಿ ಎರಡು ಸಲ ಬರಬೇಕಾದ ಪಾಡು ಅವನದು.

ಮಗಳು ಹೋದ ವರ್ಷ ಕೇಳಿದಳು, “ಅಪ್ಪಾ, ಕಲ್ಲು ಯಾವತ್ತೂ ಕಾಯಿ ಬಿಡಲ್ಲ. ಹಾಗಾದ್ರೆ ಬಲಿಗೆ ರಾಜ್ಯ ವಾಪಸ್ ಸಿಗೋದೇ ಇಲ್ವಾ?” ನಾವು ಕೊಡುವುದಿಲ್ಲ ಅನ್ನೋದು ಸರಿ. ಆದರೆ ವಾಮನ ಅವನಿಗೆ ಮಾತು ಕೊಟ್ಟಿದ್ದಾನೆ. ಸಾವರ್ಣಿ ಮನ್ವಂತರದಲ್ಲಿ, ಅಂದರೆ ಸಾವರ್ಣಿ ಅನ್ನುವ ಮನುವಿನ ಕಾಲದಲ್ಲಿ, ಬಲಿಯೇ ಇಂದ್ರ. ದಿನಾ ಸಂಕಲ್ಪದಲ್ಲಿ ವೈವಸ್ವತ ಮನ್ವಂತರ ಅನ್ನುತ್ತೇವಲ್ಲ, ಅದು ಏಳನೆಯದು. ಸಾವರ್ಣಿ ಎಂಟನೆಯದು. ಅದೇ ಬಲಿ, ಬೇರೆಯವನಲ್ಲ, ಅವನ ಸರದಿ ಇದರ ಮುಂದಿನದು.