ನಾಲ್ಕು ಗುಹೆ ಬಿಟ್ಟರೆ ಬಾದಾಮಿಯಲ್ಲಿ ಇನ್ನೇನಿದೆ?

"ಸರ್, ನಾಲ್ಕು ಗುಹೆ ಬಿಟ್ಟರೆ ಬಾದಾಮಿಯಲ್ಲಿ ಇನ್ನೇನಿದೆ? ನಮಗೆ ಒಂದೂವರೆ ಗಂಟೆ ಟೈಮ್ ಇದೆ." ಬಸ್ಸಿಳಿದವರು, ಫೋನ್ ಮಾಡಿದವರು, ಬೆಂಗಳೂರಿನ ನೆಂಟರು, ಎಲ್ಲರದ್ದೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆ "ಬಿಟ್ಟರೆ" ಅನ್ನುವ ಮಾತಿನ ಬಗ್ಗೆಯೇ ನನ್ನ ತಕರಾರು. ಗುಹೆಗಳನ್ನು ನೋಡಿಯಾಯಿತು, ಲೆಕ್ಕ ಚುಕ್ತಾ ಆಯಿತು ಅನ್ನುವ ಧಾಟಿ ಅದು. ಏನು ನೋಡಿದಿರಿ ಅಂತ ತಿರುಗಿ ಕೇಳಿದರೆ ಮೊದಲನೇ ಗುಹೆಯ ಹದಿನೆಂಟು ಕೈಯ ನಟರಾಜ ಅನ್ನುತ್ತಾರೆ, ಮೂರನೇ ಗುಹೆಯಲ್ಲಿ ಹಾವಿನ ಮೇಲೆ ಕೂತ ವಿಷ್ಣು ಅನ್ನುತ್ತಾರೆ. ಎರಡೂ ಸರಿಯೇ. ಆದರೆ ಆ ವಿಷ್ಣುವಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ಅದೇ ಮೊಗಸಾಲೆಯ ಗೋಡೆಗಂಬದ ಕಡೆ ಕತ್ತು ತಿರುಗಿಸುವವರು ಅಪರೂಪ. ಈ ಊರಿನ ಬಹು ದೊಡ್ಡ ಕತೆ ಅಲ್ಲಿ ಕೊರೆದಿದೆ. ಅದನ್ನು ನೋಡದೆ ಗುಹೆ ಮುಗಿಯಿತು ಅನ್ನಬೇಡಿ.

ಆ ಗೋಡೆಗಂಬದ ಮೇಲಿನ ಸಂಸ್ಕೃತ ಶಾಸನದ ಕಾಲ ಶಕ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಬಾದಾಮಿಯಿಂದ ಆಳಿದ ಚಾಲುಕ್ಯ ಅರಸ ಒಂದನೇ ಕೀರ್ತಿವರ್ಮ ಪಟ್ಟಕ್ಕೆ ಬಂದು ಹನ್ನೆರಡನೇ ವರ್ಷ. ಬರೆಸಿದವನು ಅವನ ತಮ್ಮ ಮಂಗಲೇಶ. ವಿಷ್ಣುವಿಗಾಗಿ ಈ ಗುಹೆಯನ್ನು ಕಡೆಸಿದೆ, ಲಂಜೀಶ್ವರವೆಂಬ ಹಳ್ಳಿಯನ್ನು ಕೊಟ್ಟೆ, ಅದರ ಹುಟ್ಟುವಳಿಯಲ್ಲಿ ದಿನಾ ನಾರಾಯಣಬಲಿ ನಡೆಯಬೇಕು, ಹದಿನಾರು ಮಂದಿ ಬ್ರಾಹ್ಮಣರಿಗೆ ಊಟವಾಗಬೇಕು, ಉಳಿದದ್ದು ಪರಿವ್ರಾಜಕರಿಗೆ, ಅಂದರೆ ಊರೂರು ಅಲೆಯುವ ಸಂನ್ಯಾಸಿಗಳಿಗೆ ಸಲ್ಲಬೇಕು ಅನ್ನುತ್ತಾನೆ. ಅಲ್ಲಿಗೆ ನಿಲ್ಲಿಸುವುದಿಲ್ಲ. ಈ ಧರ್ಮಕಾರ್ಯದ ಫಲವನ್ನೆಲ್ಲ ಸೂರ್ಯ, ಅಗ್ನಿ, ಮಹಾಜನರ ಸಮಕ್ಷಮದಲ್ಲಿ ನೀರೆರೆದು ಅಣ್ಣನಿಗೆ ಧಾರೆ ಕೊಟ್ಟುಬಿಡುತ್ತಾನೆ. ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಅನ್ನುತ್ತಾನೆ.

ಮುಂದೆ ಆ ಅಣ್ಣ ತೀರಿಕೊಂಡ. ಮಕ್ಕಳು ಚಿಕ್ಕವರಾದ್ದರಿಂದ ಮಂಗಲೇಶನೇ ಪಟ್ಟಕ್ಕೆ ಬಂದ. ಆಮೇಲೆ ಪಟ್ಟ ತನ್ನ ಮಗನಿಗೇ ಉಳಿಯಲಿ ಅನ್ನುವ ಆಸೆ ಹುಟ್ಟಿತು. ಅಣ್ಣನ ಮಗ ಇಮ್ಮಡಿ ಪುಲಕೇಶಿ ಹೊರಗೆ ಹೋಗಿ, ಬಲ ಕೂಡಿಸಿಕೊಂಡು ಬಂದು, ಸುಮಾರು 610ರಲ್ಲಿ ಚಿಕ್ಕಪ್ಪನನ್ನು ಮುಗಿಸಿದ. ಇದನ್ನು ಓದಲು ಐಹೊಳೆಗೆ ಹೋಗಬೇಕು. ಮೇಗುತಿ ಬಸದಿಯ ಗೋಡೆಯ ಮೇಲೆ ಕವಿ ರವಿಕೀರ್ತಿ ಬರೆದಿದ್ದಾನೆ: ಮಗನಿಗೆ ರಾಜ್ಯ ಕೊಡಿಸುವ ಯತ್ನ, ರಾಜ್ಯ, ಪ್ರಾಣ, ಮೂರನ್ನೂ ಮಂಗಲೇಶ ಒಟ್ಟಿಗೇ ಕಳೆದುಕೊಂಡ. ಅದರ ಕಾಲ 634. ಒಂದೇ ಮನೆತನದ ಒಂದೇ ಜಗಳದ ಎರಡು ತುದಿ ಎರಡು ಕಲ್ಲಿನ ಮೇಲಿವೆ. ಒಂದೇ ದಿನದಲ್ಲಿ ಐಹೊಳೆ, ಪಟ್ಟದಕಲ್ಲು, ಬಾದಾಮಿ ಮೂರನ್ನೂ ಮುಗಿಸುವವರು ಎರಡೂ ಕಲ್ಲಿನ ಪಕ್ಕದಲ್ಲೇ ಹಾದುಹೋಗುತ್ತಾರೆ.

ಅದೇ ಮೂರನೇ ಗುಹೆಯ ಬಳಿ ಮಂಗಲೇಶನದೇ ಇನ್ನೊಂದು ಚಿಕ್ಕ ಶಾಸನವಿದೆ, ಕನ್ನಡದ್ದು. ಗುಹೆಯನ್ನು ಅದು "ಕಲ್ಮನೆ" ಎಂದು ಕರೆಯುತ್ತದೆ. ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಸಲ್ಲಬೇಕಾದ ಪಾಲನ್ನು ಹೇಳಿ, ಅದನ್ನು ಕೆಡಿಸಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೇ ನರಕದ ಹುಳುವಾಗುತ್ತಾನೆ ಎಂದು ಶಪಿಸುತ್ತದೆ. ಹದಿನಾಲ್ಕು ನೂರು ವರ್ಷದ ಹಿಂದೆ ಹೂವಾಡಿಗರ ಕೂಲಿಗೆ ಇಷ್ಟು ಗಟ್ಟಿಯಾದ ಕಾವಲು ಹಾಕಿದ ಊರು ಇದು. ನನಗೆ ಹದಿನೆಂಟು ಕೈಯ ನಟರಾಜನಷ್ಟೇ ಇದರ ಮೇಲೂ ಅಭಿಮಾನ.

"ಅಲ್ಲಿ ಏನೂ ಕಾಣಲೇ ಇಲ್ಲ" ಅನ್ನುವುದು ಮುಂದಿನ ದೂರು. ಕಾಣದಿರಲು ಕಾರಣವಿದೆ, ಉಪಾಯವೂ ಇದೆ. ಬಾದಾಮಿಯದು ಕೆಂಪು ಮರಳುಗಲ್ಲು. ಕೊರೆದ ಗೆರೆಗೂ ಸುತ್ತಲಿನ ಕಲ್ಲಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಗೆರೆಯ ಅಂಚಿನಲ್ಲಿ ನೆರಳು ಬಿದ್ದಾಗಲೇ ಅಕ್ಷರ ಏಳುತ್ತದೆ. ಬೆಳಕು ಎದುರಿನಿಂದ ನೇರವಾಗಿ ಬಿದ್ದರೆ ನೆರಳಿಲ್ಲ, ಅಕ್ಷರವೂ ಇಲ್ಲ. ಮೊಬೈಲ್ ಫ್ಲ್ಯಾಶ್ ಮಾಡುವ ಕೆಡುಕು ಇದೇ. ಫ್ಲ್ಯಾಶ್ ಆರಿಸಿ. ಜೊತೆಗಿರುವವರ ಕೈಗೆ ಒಂದು ಟಾರ್ಚ್ ಕೊಟ್ಟು, ಕಲ್ಲಿಗೆ ತಾಗದಂತೆ, ಶಾಸನದ ಎಡಬದಿಯಿಂದ ಗೋಡೆಯನ್ನು ಸವರಿಕೊಂಡು ಹೋಗುವಂತೆ ಅಡ್ಡಡ್ಡ ಬೆಳಕು ಬಿಡಿಸಿ. ಒಂದು ಫೋಟೊ ತೆಗೆಯಿರಿ. ಟಾರ್ಚನ್ನು ಮೇಲಿನ ಅಂಚಿಗೆ ಒಯ್ದು ಇನ್ನೊಂದು ತೆಗೆಯಿರಿ. ಎಡದಿಂದ ಬಿದ್ದ ಬೆಳಕಿನಲ್ಲಿ ನಿಂತ ಗೆರೆಗಳು ಚೆನ್ನಾಗಿ ಏಳುತ್ತವೆ, ಮೇಲಿನಿಂದ ಬಿದ್ದದ್ದರಲ್ಲಿ ಮಲಗಿದ ಗೆರೆಗಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅರ್ಧಕ್ಕರ್ಧ ಅಕ್ಷರ ಬಿಡಿಸಬಹುದು. ಬಯಲಿನ ಬಂಡೆಗೆ ಟಾರ್ಚ್ ಬೇಡ, ಹೊತ್ತನ್ನು ನೋಡಿಕೊಂಡು ಹೋಗಿ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬಂಡೆಯ ಮೈಮೇಲೆ ಹಾಯುವ ಒಂದು ಗಳಿಗೆ ಇರುತ್ತದೆ. ನಡುಮಧ್ಯಾಹ್ನ ಹೋದವರು ಬರೀ ಬಂಡೆ ನೋಡಿ ಬರುತ್ತಾರೆ.

ಸೀಮೆಸುಣ್ಣ ತುಂಬಬೇಡಿ. ಹಿಟ್ಟು, ಅರಿಸಿನ, ಎಣ್ಣೆ ಯಾವುದೂ ಬೇಡ. ಸೀಮೆಸುಣ್ಣದ ಪುಡಿ ಮರಳುಗಲ್ಲಿನ ರಂಧ್ರದಲ್ಲಿ ಕೂತುಬಿಡುತ್ತದೆ, ಎಣ್ಣೆ ಧೂಳನ್ನು ಹಿಡಿದು ಕಪ್ಪಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಓದಿನಲ್ಲಿದೆ. ಸುಣ್ಣ ತುಂಬಿದವನು ತನಗೆ ತೋಚಿದ ಅಕ್ಷರವನ್ನು ತುಂಬಿರುತ್ತಾನೆ. ಹಳೆಯ ಲಿಪಿಯಲ್ಲಿ ಮ, ವ ಒಂದಕ್ಕೊಂದು ಹತ್ತಿರ. ಅವನು ವ ಎಂದು ತುಂಬಿದರೆ ಮುಂದೆ ಬಂದವರೆಲ್ಲ ವ ಎಂದೇ ಓದುತ್ತಾರೆ. ಇನ್ನು ಗೋಡೆಯ ಮೇಲೆ ತಮ್ಮ ಹೆಸರು ಗೀಚುವವರಿಗೆ ಹೂವಾಡಿಗರ ಶಾಸನದ ಕೊನೆಯ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ಶಾಸನತಜ್ಞರು ಮಾಡುವುದೇ ಬೇರೆ, ಅವರು ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲನ್ನು ನೀರು, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಗುಳ್ಳೆ ಏಳದಂತೆ ಹಚ್ಚಿ, ಗಡಸು ಕೂದಲಿನ ಬ್ರಷ್ಷಿನಿಂದ ಬಡಿಯುತ್ತ ಹೋದರೆ ಕಾಗದ ಕೊರೆದ ಗೆರೆಯೊಳಕ್ಕೆ ಇಳಿಯುತ್ತದೆ. ಆಮೇಲೆ ಮಸಿಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಮೇಲಿನ ಮೈ ಕಪ್ಪಾಗಿ, ಇಳಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕೆಡುವುದು ಮೂರು ಕಡೆ. ನೀರು ಹೆಚ್ಚಾದರೆ ಬಡಿಯುವಾಗ ಕಾಗದ ಹರಿಯುತ್ತದೆ. ಬಿಸಿಲು ಜೋರಾಗಿದ್ದರೆ ಮಸಿ ಹಾಕುವ ಮೊದಲೇ ಒಣಗಿ ಬಿಟ್ಟುಕೊಳ್ಳುತ್ತದೆ. ಮಸಿ ಹೆಚ್ಚಾದರೆ ಗೆರೆಯೊಳಗೂ ಇಳಿದು ಅಕ್ಷರವನ್ನೇ ನುಂಗುತ್ತದೆ. ಪುರಾತತ್ತ್ವ ಇಲಾಖೆಯ ಅನುಮತಿ ಇಲ್ಲದೆ ಇದಕ್ಕೆ ಕೈ ಹಾಕುವಂತಿಲ್ಲ, ಹಾಕಲೂಬಾರದು.

ಅಗಸ್ತ್ಯ ವಾತಾಪಿ ಎಂಬ ರಾಕ್ಷಸನನ್ನು ಜೀರ್ಣಿಸಿಕೊಂಡ ಜಾಗ ಯಾವುದು, ವಾತಾಪಿ ಗಣಪತಿ ಎಲ್ಲಿ ಕೂತಿದ್ದ ಎಂದು ಕೇಳುವವರೂ ಇದ್ದಾರೆ. ಅಗಸ್ತ್ಯನ ಕತೆ ಮಹಾಭಾರತದ ವನಪರ್ವದ್ದು, ಇಲ್ಲಿನ ಕೆರೆಗೆ ಅಗಸ್ತ್ಯತೀರ್ಥವೆಂಬ ಹೆಸರು ಆ ನಂಟಿನದು. ಗಣಪತಿಯನ್ನು ಪಲ್ಲವರ ದಂಡನಾಯಕ ಒಯ್ದನೆಂಬುದು ತಮಿಳುನಾಡಿನ ತಿರುಚ್ಚೆಂಗಾಟ್ಟಂಗುಡಿಯ ಐತಿಹ್ಯ. ಎರಡೂ ಕೇಳಲು ಚೆನ್ನ. ಆದರೆ ಕಲ್ಲಿನ ಮೇಲೆ ಬರೆದಿಟ್ಟ ಕತೆಗಳು ಎದುರಿಗೇ ಇರುವಾಗ ಬರೆಯದ ಕತೆಯನ್ನೇ ಹುಡುಕಿಕೊಂಡು ಹೋಗುವುದು ನನಗೆ ಬೇಸರ ತರಿಸುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಈ ಕೆರೆಯ ಸುತ್ತ ಯಾರು ಯಾರು, ಏನೇನು ಬರೆದಿಟ್ಟು ಹೋದರು?

ಮೊದಲಿನದು 543ರದು. ಕೆರೆಯ ಮೂರು ಕಡೆ ಗುಡ್ಡ, ಪಶ್ಚಿಮಕ್ಕೆ ಏರಿ, ಏರಿಯ ಆಚೆ ಊರು. ಬಡಗಣ ಗುಡ್ಡದ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಶಕ 465ರಲ್ಲಿ ಕೊರೆಸಿದ ಸಂಸ್ಕೃತ ಶಾಸನವಿದೆ. ವಾತಾಪಿ (ಬಾದಾಮಿಯ ಹಳೆಯ ಹೆಸರು) ಗುಡ್ಡವನ್ನು ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ದುರ್ಗವಾಗಿ ಮಾಡಿದೆ ಅನ್ನುತ್ತದೆ. ಮ್ಯೂಸಿಯಂ ಪಕ್ಕದಿಂದ ಮೇಲೇರುವ ದಾರಿಯಲ್ಲಿ, ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆದವರಿಗೆ ಆ ಮಾತು ಎಷ್ಟು ನಿಜವೆಂದು ಕಾಲಿಗೇ ತಿಳಿಯುತ್ತದೆ.

ಗೆಲ್ಲಲಾಗದು ಎಂದ ಕೋಟೆ ನೂರು ವರ್ಷಕ್ಕೆ ಬಿತ್ತು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು, ತನ್ನ ಹದಿಮೂರನೇ ಆಳ್ವಿಕೆಯ ವರ್ಷದ ಶಾಸನವನ್ನು ಇಲ್ಲಿಯ ಬಂಡೆಗೇ ಹಾಕಿಸಿದ. ಬಹಳಷ್ಟು ಸವೆದಿದೆ. ಶತ್ರು ನಮ್ಮೂರಿನ ಬಂಡೆಯ ಮೇಲೆ ಬರೆದ ಗೆಲುವನ್ನು ಆಮೇಲೆ ಊರು ಮರಳಿ ಪಡೆದ ಚಾಲುಕ್ಯ ಒಂದನೇ ವಿಕ್ರಮಾದಿತ್ಯ ಪೂರ್ತಿ ಅಳಿಸಲಿಲ್ಲ. ಇದಕ್ಕೆ ಉತ್ತರ ಬಹಳ ತಡವಾಗಿ, ಪಲ್ಲವರ ರಾಜಧಾನಿ ಕಂಚಿಯಲ್ಲಿ ಸಿಕ್ಕಿತು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಲೂಟಿ ಮಾಡದೆ, ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಬಾದಾಮಿಯವರು ಹೆಮ್ಮೆಪಡಲು ಇದು ಸಾಕು.

ಅರಸರ ಮಾತಾಯಿತು. ಊರ ನಡುವೆ, ಮನೆಗಳ ಸಾಲಿನಲ್ಲಿ ಜಂಬುಲಿಂಗೇಶ್ವರ ಗುಡಿ ಇದೆ. ಅರಸ ವಿಜಯಾದಿತ್ಯನ ತಾಯಿ ವಿನಯವತಿ 699ರಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಅಲ್ಲಿ ಪ್ರತಿಷ್ಠೆ ಮಾಡಿಸಿದಳು. ಮೂರು ಗರ್ಭಗುಡಿ, ಕಂಬದ ಮೇಲೆ ಶಾಸನ. ಟಿಕೆಟ್ಟಿಲ್ಲ, ಜನರಿಲ್ಲ, ಮಾರುಕಟ್ಟೆಯಿಂದ ನಡೆದೇ ಹೋಗಬಹುದು. ಮೂರನೇ ಗುಹೆಯಲ್ಲಿ ಕೋಳಿಮಂಚಿ ಎಂಬ ಶಿಲ್ಪಿ ತನ್ನ ಹೆಸರು ಬಿಟ್ಟಿದ್ದಾನೆ. ಬಿರುದಿಲ್ಲ, ವಂಶಾವಳಿಯಿಲ್ಲ, ಹೆಸರೊಂದೇ.

ಇವೆಲ್ಲಕ್ಕಿಂತ ನಾನು ಮುಂದಿಡುವುದು ಕಪ್ಪೆ ಅರಭಟ್ಟನ ಬಂಡೆ. ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿಯ ಕಡೆಯ ಬಂಡೆಯ ಮೇಲೆ, ಸುಮಾರು 700ರ ಕಾಲದ ಹತ್ತು ಸಾಲು. ಅರಭಟ್ಟ ಯಾರ ಮಗ, ಯಾರ ಅಧಿಕಾರಿ ಎಂದು ಅದು ಹೇಳುವುದಿಲ್ಲ. ದಾನವಿಲ್ಲ, ತೇದಿಯಿಲ್ಲ, ಶಾಪವಿಲ್ಲ. ಒಬ್ಬ ಮನುಷ್ಯನ ಗುಣವನ್ನಷ್ಟೇ ಹೇಳುತ್ತದೆ: "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್ ಮಾಧವನೀತನ್ ಪೆರನಲ್ಲ." ಒಳ್ಳೆಯವನಿಗೆ ಒಳ್ಳೆಯವನು, ಮಧುರನಿಗೆ ಮಧುರ, ಬಾಧಿಸುವ ಕಲಿಗೆ ಎದುರು ನಿಲ್ಲುವವನು, ಇವನು ಮಾಧವನೇ, ಬೇರೆಯವನಲ್ಲ ಎಂದು ಅರ್ಥ. ಇದು ತ್ರಿಪದಿ, ಮೂರು ಸಾಲಿನ ಪದ್ಯ. ಮುಂದಿನ ತ್ರಿಪದಿಗಳಲ್ಲಿ ಒಂದು ಹಿಂದಿನ ಕರ್ಮ ಬಂದು ಸೇರುವುದನ್ನು ಹೇಳಿದರೆ, ಇನ್ನೊಂದು ಕಟ್ಟಿಹಾಕಿದ ಸಿಂಹವನ್ನು ನಮಗೇನು ಕೇಡು ಎಂದು ಬಿಟ್ಟವರ ಹಾಗೆ ಇವನ ಶತ್ರುಗಳು ಕೆಟ್ಟರು, ಸತ್ತರು ಎನ್ನುತ್ತದೆ. ತ್ರಿಪದಿಗಳಿಗೂ ಮೊದಲು ಒಂದು ಸಂಸ್ಕೃತ ಶ್ಲೋಕ: ಸಾವಿನ ದುಃಖ ಒಂದು ಕ್ಷಣದ್ದು, ಮಾನಭಂಗದ್ದು ದಿನದಿನವೂ. ಇಂಗ್ಲಿಷ್ ಶಾಸನತಜ್ಞ ಫ್ಲೀಟ್ ಇದನ್ನು 1881ರಲ್ಲಿ ಅಚ್ಚು ಹಾಕಿಸಿದ ಮೇಲೆ ಕನ್ನಡ ಛಂದಸ್ಸಿನ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಹಾಡಿದ ಮಟ್ಟು, ಸರ್ವಜ್ಞ ಹಿಡಿದ ಮಟ್ಟು ಇಷ್ಟು ಹಿಂದೆಯೇ ಕಲ್ಲಿನ ಮೇಲಿದೆ. ಅಲ್ಲಿ ನಿಂತು ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಲಯ ಸಿಗುವುದಿಲ್ಲ.

ಕೋಟೆಯ ಕತೆ ಚಾಲುಕ್ಯರಿಗೇ ನಿಲ್ಲಲಿಲ್ಲ. 1786ರಲ್ಲಿ ಮರಾಠರು, ನಿಜಾಮರು ಸೇರಿ ಇದನ್ನು ಟಿಪ್ಪುವಿನಿಂದ ಕಿತ್ತುಕೊಂಡರು. 1818ರಲ್ಲಿ ಬ್ರಿಟಿಷ್ ಅಧಿಕಾರಿ ಮನ್ರೋ ಹಿಡಿದ. 1840-41ರಲ್ಲಿ ನರಸಿಂಹ ದತ್ತಾತ್ರೇಯ ಪೇಟ್ಕರ್ ಎಂಬ ಕಣ್ಣು ಕಾಣದ ಬ್ರಾಹ್ಮಣ ನಿಜಾಮನ ಸೀಮೆಯಿಂದ ಸುಮಾರು 125 ಅರಬರನ್ನು ಕಟ್ಟಿಕೊಂಡು ಬಂದು, ಕೋಟೆ ಹಿಡಿದು, ಸರಕಾರಿ ಖಜಾನೆಯನ್ನೂ ಪೇಟೆಯನ್ನೂ ದೋಚಿದ. ತನ್ನನ್ನು ಛತ್ರಪತಿ ಎಂದೇ ಸಾರಿಕೊಂಡ. ಧಾರವಾಡದಿಂದ ಪಡೆ ಬಂದು ಅವನನ್ನು ಹಿಡಿಯಿತು, ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. ಕಣ್ಣಿದ್ದ ಎಷ್ಟೋ ಮಂದಿ ತಡವರಿಸುವ ಈ ಬಂಡೆಗಳ ನಡುವೆ ಕಣ್ಣಿಲ್ಲದವನು ಒಂದಿಷ್ಟು ದಿನ ಆಳಿದ ಎಂಬುದು ಗೈಡುಗಳ ಬಾಯಲ್ಲಿ ಬರುವುದು ಅಪರೂಪ.

ಇಷ್ಟರ ಮೇಲೂ ಒಂದೂವರೆ ಗಂಟೆಯೇ ಇರುವುದು ಎನ್ನುವವರಿಗೆ: ಒಂದು, ಎರಡು, ನಾಲ್ಕನೇ ಗುಹೆಗಳನ್ನು ಈ ಸಲ ಬಿಡಿ. ನೇರ ಮೂರನೆಯದಕ್ಕೆ ಹತ್ತಿ, ಟಾರ್ಚ್ ಹಿಡಿದು ಅರ್ಧ ತಾಸು ಅಲ್ಲೇ ಇರಿ. ಇಳಿದು ಏರಿಯ ಕಡೆಯಿಂದ ಮ್ಯೂಸಿಯಂ ದಾರಿ ಹಿಡಿದು, ಬಡಗಣ ದಂಡೆಯಲ್ಲೇ ಭೂತನಾಥ ಗುಡಿಯ ಕಡೆ ನಡೆಯಿರಿ. ಅಲ್ಲಿಂದ ಅರಭಟ್ಟನ ಬಂಡೆಯನ್ನು ಊರವರನ್ನು ಕೇಳಿಕೊಂಡು ಹೋಗಿ. ಕೈಯಲ್ಲಿ ತಿಂಡಿಯ ಚೀಲ ಬೇಡ, ಮಂಗಗಳು ಬಿಡುವುದಿಲ್ಲ. ಮಳೆಗಾಲವಾದರೆ ಕೋಟೆಯ ಮೆಟ್ಟಿಲು ಜಾರುತ್ತವೆ, ಕೆಳಗಿನ ದಾರಿಯಲ್ಲೇ ಇರಿ. ಒಂದು ದಿನ ಪೂರ್ತಿ ಇದ್ದವರು ಬಡಗಣ ಗುಡ್ಡವನ್ನು ಬೆಳಗ್ಗೆ, ಗುಹೆಗಳನ್ನು ಮಧ್ಯಾಹ್ನದ ಬಿಸಿಲಿಗೆ, ಜಂಬುಲಿಂಗವನ್ನು ಸಂಜೆಗೆ ಇಟ್ಟುಕೊಳ್ಳಿ. ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ.