ಐಲ್, ದಟಲ್, ವೋಂಟ್

ಇಂಗ್ಲಿಷ್ ಮನೆಮಾತಾಗಿರುವವರು ಮಾತಾಡುವಾಗ 'ಐ ವಿಲ್' ಅಂತ ಪೂರ್ತಿ ಹೇಳುವುದು ಕಡಿಮೆ. ಫೋನ್ ರಿಂಗಾದರೆ 'ಐಲ್ ಗೆಟ್ ಇಟ್' ಅಂದು ಎದ್ದು ಹೋಗುತ್ತಾರೆ. ಅದೇ ಜಾಗದಲ್ಲಿ 'ವಿಲ್' ಅನ್ನು ಒತ್ತಿ, 'ಐ ವಿಲ್ ಗೆಟ್ ಇಟ್' ಅಂದರೆ, ಯಾರೋ ಬೇಡ ಅಂದಿದ್ದಕ್ಕೆ ಹಠ ಹಿಡಿದ ಹಾಗೆ ಕೇಳಿಸುತ್ತದೆ. ಒಂದೆರಡು ಪುಟ್ಟ ಸದ್ದು ಹೋದರೆ ಮಾತಿನ ಧಾಟಿಯೇ ಬೇರೆ! ನನಗಿದು ತುಂಬಾ ಇಷ್ಟ.

ಹಾಗಂತ ಎಲ್ಲ ಕಡೆ ಮೊಟಕು ಮಾಡುವ ಹಾಗಿಲ್ಲ. 'ವಿಲ್ ಯು ಕಮ್?' ಅಂದರೆ 'ಯೆಸ್, ಐ ವಿಲ್' ಅಂತಲೇ ಉತ್ತರ. 'ಯೆಸ್, ಐಲ್' ಅಂತ ಯಾರೂ ನಿಲ್ಲಿಸುವುದಿಲ್ಲ. ಕೊನೆಯಲ್ಲಿ ಒತ್ತು ಬೀಳುತ್ತದಲ್ವಾ, ಅಲ್ಲಿ ಪೂರ್ತಿ ರೂಪವೇ ಬೇಕು. 'ವಿಲ್ ನಾಟ್' ಮೊಟಕಾಗಿ ಆದ 'ವೋಂಟ್' ಮಾತ್ರ ಕೊನೆಯಲ್ಲೂ ಸಲೀಸು: 'ನೋ, ಐ ವೋಂಟ್'.

ಈ ವೋಂಟ್‌ಗೆ 'ಓ' ಬಂದಿದ್ದು ವಿಲ್‌ಗೆ ಹಿಂದೆ ಇದ್ದ 'ವೊಲ್' ಅನ್ನುವ ಇನ್ನೊಂದು ರೂಪದಿಂದ. ಇನ್ನೂ ಸ್ವಾರಸ್ಯ ಏನು ಗೊತ್ತಾ? 'ದ ಕಾರ್ ವೋಂಟ್ ಸ್ಟಾರ್ಟ್' ಅನ್ನುವುದು ನಾಳೆಯ ಮಾತಲ್ಲ, ಗಾಡಿ ಈಗಲೇ ಮೊಂಡು ಹಿಡಿದಿದೆ. ಯಾರೋ ಬಾಗಿಲು ಬಡಿದಾಗ 'ದಟಲ್ (ದಟ್ ವಿಲ್) ಬಿ ದ ಪೋಸ್ಟ್‌ಮ್ಯಾನ್' ಅಂದರೂ ಅಷ್ಟೇ. ಅದು ಈ ಕ್ಷಣದ ಊಹೆ, 'ಪೋಸ್ಟ್‌ಮ್ಯಾನೇ ಇರಬೇಕು' ಅಂತ.